ಚಳಿ ಸರಿದ ಮೇಲೆ ಬಂಡೆ ಹತ್ತುವುದು: ತಿಥಿ, ನೆರಳು, ಹಗ್ಗದ ಲೆಕ್ಕ

ಶಿರಸಿ-ಸಿದ್ದಾಪುರದ ಇಬ್ಬನಿ ಎಂಟು ಗಂಟೆಗೇ ಕರಗತೊಡಗಿ, ಕರಾವಳಿಯ ಗುಡ್ಡಗಳಲ್ಲಿ ಗೇರು ಹೂ ಬಿಟ್ಟಿತೆಂದರೆ ಗುಡ್ಡ-ಬಂಡೆ ಸುತ್ತುವವರಿಗೆ ಉಳಿದಿರುವುದು ಕೆಲವೇ ವಾರಾಂತ್ಯ. ಇಂಬಳದ ಕಾಟ ಮುಗಿದಿದೆ, ಬಂಡೆಯ ಪಾಚಿ ಒಣಗಿದೆ, ಹಳ್ಳಗಳು ದಾಟುವಷ್ಟು ಇಳಿದಿವೆ. ಇದಕ್ಕಿಂತ ಒಳ್ಳೆಯ ಕಾಲ ಇಲ್ಲ ಅನ್ನಿಸುತ್ತದೆ. ಆದರೆ ಡಿಸೆಂಬರಿನಲ್ಲಿ ಇಡೀ ಹಗಲು ನಿಮ್ಮದಾಗಿದ್ದರೆ, ಫೆಬ್ರವರಿ ಕೊನೆಯಿಂದ ಬೆಳಗಿನ ನಾಲ್ಕೈದು ತಾಸು ಮಾತ್ರ ನಿಮ್ಮದು. ಆ ನಾಲ್ಕೈದು ತಾಸು ಯಾವ ದಿನ ಸಿಗುತ್ತದೆ, ಎಲ್ಲಿ ಸಿಗುತ್ತದೆ ಎಂಬುದನ್ನು ಲೆಕ್ಕ ಹಾಕಿಯೇ ಹೊರಡಬೇಕು.

ಸಮುದ್ರದಿಂದಲೇ ಶುರುಮಾಡೋಣ. ಕಾರವಾರದಿಂದ ಹೊನ್ನಾವರದವರೆಗೆ ಕಡಲಿಗೆ ಚಾಚಿದ ಗುಡ್ಡಗಳ ಬುಡ ದಾಟುವ ದಾರಿಗಳೆಲ್ಲ ನೀರಿನ ಮರ್ಜಿಯಲ್ಲಿವೆ. ಮಾಜಾಳಿಯಿಂದ ತೀಳಮಾತಿಯ ಕರಿಮರಳಿನ ಕಡೆ ಹೋಗಿ, ಬೇಲೆಕಾನಿನಿಂದ ಪ್ಯಾರಡೈಸ್, ಹಾಫ್ ಮೂನ್, ಓಂ, ಕುಡ್ಲೆ ಬೀಚುಗಳನ್ನು ದಾಟಿ ಗೋಕರ್ಣಕ್ಕೆ ಬನ್ನಿ, ಕತೆ ಒಂದೇ. ಇಳಿತದಲ್ಲಿ ಕಲ್ಲಿನಿಂದ ಕಲ್ಲಿಗೆ ಕಾಲಿಟ್ಟು ಹೋದ ಜಾಗದಲ್ಲಿ ಭರತ (ಉಬ್ಬರ) ಏರಿದಾಗ ಅಲೆ ಎದೆಗೆ ಬಡಿಯುತ್ತದೆ. ನಮ್ಮ ಕಡೆ ಭರತ-ಇಳಿತದ ಅಂತರ ದೊಡ್ಡದಿರುವ ದಿನಗಳಲ್ಲಿ ಒಂದೂವರೆಯಿಂದ ಎರಡು ಮೀಟರ್ ಆಸುಪಾಸು. ಕೇಳಲು ಕಡಿಮೆ ಅನ್ನಿಸಬಹುದು. ಆದರೆ ಎರಡು ಮೀಟರ್ ಎಂದರೆ ಆಳು ಮುಳುಗುವ ನೀರು.

ಆ ನೀರು ಒಂದೇ ವೇಗದಲ್ಲಿ ಏರುವುದಿಲ್ಲ. ಇಳಿತದಿಂದ ಭರತಕ್ಕೆ ಸುಮಾರು ಆರು ತಾಸು. ಒಟ್ಟು ಏರಿಕೆಯನ್ನು ಹನ್ನೆರಡು ಪಾಲು ಮಾಡಿದರೆ ಮೊದಲ ತಾಸಿನಲ್ಲಿ ಒಂದು ಪಾಲು, ಎರಡನೆಯದರಲ್ಲಿ ಎರಡು, ಮೂರು ಮತ್ತು ನಾಲ್ಕನೆಯ ತಾಸುಗಳಲ್ಲಿ ತಲಾ ಮೂರು, ಐದನೆಯದರಲ್ಲಿ ಎರಡು, ಕೊನೆಯದರಲ್ಲಿ ಒಂದು. ಅಂತರ 1.8 ಮೀಟರ್ ಇದೆ ಎನ್ನಿ. ಮೊದಲ ತಾಸಿನಲ್ಲಿ ನೀರು ಏರುವುದು 15 ಸೆಂ.ಮೀ., ಮೂರನೆಯ ತಾಸಿನಲ್ಲಿ 45 ಸೆಂ.ಮೀ. ಜನ ಮೋಸಹೋಗುವುದು ಇಲ್ಲೇ. ಇಳಿತ ಮುಗಿದು ಒಂದು ತಾಸಾದರೂ ನೀರು ಅಷ್ಟೇನೂ ಏರಿಲ್ಲವೆಂದು ಕಲ್ಲಿನ ಮೇಲೆ ಕೂತು ಫೋಟೋ ತೆಗೆಯುತ್ತಾರೆ. ಎದ್ದು ಹೊರಡುವ ಹೊತ್ತಿಗೆ ಹಿಂದಿನ ದಾರಿ ಮುಚ್ಚಿರುತ್ತದೆ, ಮುಂದಿನದೂ ಮುಚ್ಚುತ್ತಿರುತ್ತದೆ.

ಇಳಿತ ಎಷ್ಟು ಹೊತ್ತಿಗೆ ಎಂದು ತಿಳಿಯಲು ಗೋಡೆಯ ಮೇಲಿನ ಪಂಚಾಂಗವೇ ಮೊದಲ ಸಾಧನ. ಹುಣ್ಣಿಮೆ, ಅಮಾವಾಸ್ಯೆಗಳ ಆಸುಪಾಸು ಈ ಕರಾವಳಿಯಲ್ಲಿ ಹಗಲಿನ ಭರತ ಬೆಳಿಗ್ಗೆ ಹತ್ತೂವರೆಯಿಂದ ಹನ್ನೆರಡರ ನಡುವೆ ಬೀಳುತ್ತದೆ. ಇಳಿತ ನಸುಕಿನಲ್ಲೊಮ್ಮೆ, ಸಂಜೆ ಐದರ ಸುಮಾರಿಗೆ ಇನ್ನೊಮ್ಮೆ. ದಿನಕ್ಕೆ ಸರಾಸರಿ ಐವತ್ತು ನಿಮಿಷ ಇದು ತಡವಾಗುತ್ತ ಹೋಗುತ್ತದೆ. ಹಾಗಾಗಿ ಪಂಚಮಿಯ ಹೊತ್ತಿಗೆ ಇಳಿತ ಬೆಳಿಗ್ಗೆ ಎಂಟು-ಒಂಬತ್ತಕ್ಕೆ ಬಂದು ನಿಲ್ಲುತ್ತದೆ. ಅಷ್ಟಮಿಯ ಸುಮಾರಿಗೆ ನಡುಹಗಲಿನತ್ತ ಹೋಗುತ್ತದೆ, ಆದರೆ ಆಗ ಭರತವೂ ಸಣ್ಣದು, ಇಳಿತವೂ ಸಣ್ಣದು, ಕಲ್ಲುಗಳು ಪೂರ್ತಿ ಹೊರಬೀಳುವುದಿಲ್ಲ. ಇದು ದಿನ ಆರಿಸಲು ಸಾಕಾಗುವ ಅಂದಾಜು, ಗಂಟೆ-ನಿಮಿಷಕ್ಕೆ ಸಾಲದು. ನಮ್ಮಲ್ಲಿ ದಿನದ ಎರಡು ಭರತಗಳು ಒಂದೇ ಎತ್ತರ ಇರುವುದಿಲ್ಲ. ಹೊರಡುವ ಹಿಂದಿನ ರಾತ್ರಿ ಕಾರವಾರ ಬಂದರಿನ ಉಬ್ಬರವಿಳಿತ ಪಟ್ಟಿ ನೋಡಿ, ಆ ದಿನದ ಆ ಇಳಿತದ ಹೊತ್ತು ಮತ್ತು ಎತ್ತರ ಎರಡನ್ನೂ ಬರೆದುಕೊಳ್ಳಬೇಕು.

ಪಟ್ಟಿ ಹೇಳದ್ದನ್ನು ಬಂಡೆಯೇ ಹೇಳುತ್ತದೆ. ಗುಡ್ಡದ ಬುಡದ ಕಲ್ಲನ್ನು ಹತ್ತಿರದಿಂದ ನೋಡಿ. ಕೆಳಗೆ ಹಸಿರು ಪಾಚಿ, ಅದರ ಮೇಲೆ ಬೂದು ಬಣ್ಣದ ಚೂಪು ಚಿಪ್ಪುಗಳು ಒತ್ತೊತ್ತಾಗಿ ಅಂಟಿದ ಪಟ್ಟಿ, ಅದಕ್ಕೂ ಮೇಲೆ ಕಪ್ಪು ಕಲೆಯಂಥ ಗೆರೆ, ಆಮೇಲೆ ಒಣ ಕಲ್ಲಿನ ಸಹಜ ಬಣ್ಣ. ಚಿಪ್ಪಿನ ಪಟ್ಟಿ ಎಲ್ಲಿಯವರೆಗಿದೆಯೋ ಅಲ್ಲಿಯವರೆಗೆ ನೀರು ದಿನವೂ ಬರುತ್ತದೆ. ಕಪ್ಪು ಗೆರೆಯವರೆಗೆ ಅಲೆಯ ಸಿಂಪಡಿಕೆ ಬರುತ್ತದೆ. ಚಿಪ್ಪಿನ ಪಟ್ಟಿ ನಿಮ್ಮ ಭುಜಕ್ಕಿಂತ ಮೇಲಿದ್ದರೆ ನೀವು ನಿಂತಿರುವುದು ಸಮುದ್ರದ ಜಾಗದಲ್ಲಿ. ಆ ಚಿಪ್ಪನ್ನು ಹಿಡಿದು ಹತ್ತಲು ಹೋಗಬೇಡಿ, ಅಂಗೈ ಬ್ಲೇಡು ಹಾಕಿದಂತೆ ಸೀಳುತ್ತದೆ.

ಫೆಬ್ರವರಿ-ಮಾರ್ಚ್‌ನಲ್ಲಿ ಕಡಲು ಬಹುಮಟ್ಟಿಗೆ ಸೌಮ್ಯ. ಮಧ್ಯಾಹ್ನ ಪಡುಗಾಳಿ ಎದ್ದಮೇಲೆ ಮಾತ್ರ ಅಲೆ ಚೂರು ಚೂರಾಗಿ ಒಡೆಯತೊಡಗುತ್ತದೆ. ಏಪ್ರಿಲ್ ಸಮೀಪಿಸಿದಂತೆ ಬೇರೊಂದು ಅಪಾಯವಿದೆ: ದೂರದ ದಕ್ಷಿಣ ಸಾಗರದಲ್ಲಿ ಹುಟ್ಟಿದ ಉದ್ದ ಅಲೆಗಳು ಇಲ್ಲಿ ಗಾಳಿಯೇ ಇಲ್ಲದ ದಿನವೂ ದಡಕ್ಕೆ ನುಗ್ಗುತ್ತವೆ. ಹೈದರಾಬಾದಿನ ಸಾಗರ ಮಾಹಿತಿ ಸಂಸ್ಥೆ ಇನ್‌ಕಾಯಿಸ್ ಇಂಥ ಅಲೆಗಳಿಗೆ ಮುನ್ನೆಚ್ಚರಿಕೆ ಕೊಡುತ್ತದೆ. ಎಚ್ಚರಿಕೆ ಇರುವ ದಿನ ಗುಡ್ಡದ ಬುಡ ಬಿಟ್ಟು ತಲೆಯ ಮೇಲಿನ ದಾರಿ ಹಿಡಿಯುವುದೇ ಸರಿ.

ಇನ್ನು ನೆರಳು. ಕಡಲಿಗೆ ಮುಖ ಮಾಡಿದ ಬಂಡೆಗಳು ಹೆಚ್ಚಾಗಿ ಪಡುವಣ ಮುಖದವು, ಬೆಳಗಿನ ಬಿಸಿಲು ಅವುಗಳ ಬೆನ್ನಿಗೆ ಬೀಳುತ್ತದೆ. ಮಾರ್ಚ್ ಮೊದಲ ವಾರ ಸೂರ್ಯ ಹುಟ್ಟುವುದು ಏಳಕ್ಕೆ ಹತ್ತು ನಿಮಿಷ ಇರುವಾಗ. ಕಡಿದಾದ ಪಡುವಣ ಮುಖಕ್ಕೆ ಬಿಸಿಲು ಬರಲು ನಡುಹಗಲೇ ಆಗಬೇಕು. ತಣ್ಣಗಿನ ಕಲ್ಲಿಗೆ ಬೂಟಿನ ರಬ್ಬರು ಚೆನ್ನಾಗಿ ಕಚ್ಚುತ್ತದೆ, ಬೆರಳು ಬೆವರುವುದಿಲ್ಲ. ಬಿಸಿಲು ಬಿದ್ದ ಅರ್ಧ ತಾಸಿನಲ್ಲಿ ಅದೇ ಹಿಡಿತ ಎಣ್ಣೆ ಸವರಿದಂತಾಗುತ್ತದೆ. ಅಂದರೆ ಬಂಡೆಗೆ ಬೇಕಾದದ್ದು ಬೆಳಗಿನ ಹೊತ್ತು, ಬುಡಕ್ಕೆ ಬೇಕಾದದ್ದು ಬೆಳಗಿನ ಇಳಿತ. ಈ ಎರಡೂ ಕೂಡುವುದು ಶುಕ್ಲ-ಕೃಷ್ಣ ಎರಡೂ ಪಕ್ಷದ ಚೌತಿಯಿಂದ ಷಷ್ಠಿಯೊಳಗೆ. ಆ ತಿಥಿ ಶನಿವಾರ-ಭಾನುವಾರಕ್ಕೆ ಬಿದ್ದರೆ ಕಡಲ ಬಂಡೆಗೆ ಹೋಗಿ, ಬೀಳದಿದ್ದರೆ ಘಟ್ಟದ ಕಡೆ ಹೊರಳಿ. ಶಿವರಾತ್ರಿಯೆಂದರೆ ಅಮಾವಾಸ್ಯೆಯ ಹಿಂದಿನ ದಿನ. ಗೋಕರ್ಣದಲ್ಲಿ ಕಾಲಿಡಲು ಜಾಗವಿಲ್ಲ, ಹತ್ತು ಗಂಟೆಗೆಲ್ಲ ಭರತ ಏರುತ್ತಿರುತ್ತದೆ, ಯಾಣದಲ್ಲೂ ಅಂದೇ ಜಾತ್ರೆ. ರಜೆ ಸಿಕ್ಕಿತೆಂದು ಅವತ್ತೇ ಹೊರಡುವವರು ಬಂಡೆಗಿಂತ ಹೆಚ್ಚು ಹೊತ್ತು ಬಸ್ಸಿನಲ್ಲಿರುತ್ತಾರೆ. ಎರಡು ವರ್ಷಕ್ಕೊಮ್ಮೆ ಬರುವ ಮಾರಿಕಾಂಬಾ ಜಾತ್ರೆಯ ವಾರ ಶಿರಸಿಯ ಬಸ್ಸಿಗೂ ಇದೇ ಮಾತು.

ಹೊತ್ತಿನ ಈ ಲೆಕ್ಕ ನಮ್ಮ ಕರಾವಳಿಗೆ ಮಾತ್ರ ಸೀಮಿತವಲ್ಲ. ಇದೇ ದಿನಗಳಲ್ಲಿ ಹಿಮಾಲಯದ ಮೇಲಿನ ಇಳಿಜಾರುಗಳಲ್ಲಿ ಸ್ಕೀ ಮಾಡುವವರೂ ಕತ್ತಲಲ್ಲೇ ಹತ್ತಲು ಶುರುಮಾಡುತ್ತಾರೆ. ರಾತ್ರಿ ಗಟ್ಟಿಯಾದ ಹಿಮದ ಮೇಲ್ಪದರ ಬೆಳಿಗ್ಗೆ ಬಿಸಿಲಿಗೆ ಒಂದೆರಡು ಅಂಗುಲ ಮೆದುವಾದಾಗ ಜಾರಲು ಸೊಗಸು. ಮೊದಲು ಮೂಡಣ ಮುಖದ ಇಳಿಜಾರು ಹದವಾಗುತ್ತದೆ, ಆಮೇಲೆ ತೆಂಕಣ, ಕೊನೆಗೆ ಪಡುವಣ. ಹದ ಮೀರಿತೆಂದರೆ ಕರಗಿದ ನೀರು ಒಳಪದರಕ್ಕೆ ಇಳಿದು ಹಿಮ ಒಟ್ಟಿಗೇ ಜಾರುತ್ತದೆ. ದೊಡ್ಡ ಹಿಮಕುಸಿತಗಳು ಹೆಚ್ಚಾಗಿ ಆಗುವುದು 30ರಿಂದ 45 ಡಿಗ್ರಿಯ ಇಳಿಜಾರಿನಲ್ಲಿ, ಜಾರಲು ಚೆಂದ ಅನ್ನಿಸುವುದೂ ಅದೇ ಇಳಿಜಾರು. ಕಾಲು ಪಾದದ ಗಂಟು ಮೀರಿ ಹುಗಿಯತೊಡಗಿದ ಕೂಡಲೇ ಅಲ್ಲಿಂದ ಇಳಿಯಬೇಕು. ಕಾರವಾರದಂಥ ಸಮುದ್ರಮಟ್ಟದ ಊರಿನಿಂದ ನೇರ ಅಲ್ಲಿಗೆ ಹೋಗುವವರು 3,000 ಮೀಟರ್ ದಾಟಿದ ಮೇಲೆ ಮಲಗುವ ಎತ್ತರವನ್ನು ದಿನಕ್ಕೆ 500 ಮೀಟರಿಗಿಂತ ಹೆಚ್ಚಿಸಬಾರದು. ಅಲ್ಲಿ ಹಿಮ ಕೊಡುವ ಗಡುವನ್ನು ಇಲ್ಲಿ ಭರತ ಮತ್ತು ಬಿಸಿಲು ಕೊಡುತ್ತವೆ.

ಹಗ್ಗದ ವಿಷಯಕ್ಕೆ ಬಂದರೆ, ಇಲ್ಲಿನ ಕರಾವಳಿ ಗುಡ್ಡಗಳಲ್ಲಿ ಒಂದು ಬಲೆಯಿದೆ. ಕೆಳಗೆ ಅಲೆ ತೊಳೆದ ಗಟ್ಟಿ ಕಲ್ಲು, ಹತ್ತಲು ಯೋಗ್ಯ. ಆದರೆ ಗುಡ್ಡದ ತಲೆಯ ಮೇಲಿರುವುದು ಚಿರೇಕಲ್ಲಿನ (ಜಂಬಿಟ್ಟಿಗೆಯ) ಟೋಪಿ. ಹತ್ತುವುದು ಒಂದು ಕಲ್ಲನ್ನು, ಹಗ್ಗ ಕಟ್ಟುವುದು ಇನ್ನೊಂದಕ್ಕೆ. ಚಿರೇಕಲ್ಲು ಮನೆ ಕಟ್ಟಲು ಚೆನ್ನ, ಏಕೆಂದರೆ ಅಲ್ಲಿ ಭಾರ ಮೇಲಿನಿಂದ ಕೆಳಗೆ ಬೀಳುತ್ತದೆ. ಪಕ್ಕಕ್ಕೆ ಎಳೆದರೆ ಅದು ಬಿಸ್ಕತ್ತಿನಂತೆ ಪುಡಿಯಾಗುತ್ತದೆ. ಅದರ ತೂತುಗಳಲ್ಲಿದ್ದ ಜೇಡಿಯನ್ನು ಪ್ರತಿ ಮಳೆಗಾಲವೂ ಒಂದಿಷ್ಟು ತೊಳೆದು ಒಯ್ಯುತ್ತದೆ. ಹೊರಗಿನಿಂದ ಗಟ್ಟಿಯಾಗಿ ಕಾಣುವ ಉಬ್ಬನ್ನು ಅಂಗೈಯಿಂದ ಗುದ್ದಿ ನೋಡಿ, ಟೊಳ್ಳು ಸದ್ದು ಬಂದರೆ ಬಿಟ್ಟುಬಿಡಿ. ಟೊಳ್ಳು ಸದ್ದು ಬರದಿದ್ದರೂ ಚಿರೇಕಲ್ಲಿಗೆ ಸ್ಲಿಂಗು, ಅಂದರೆ ಹಗ್ಗ ಕಟ್ಟಲು ಸುತ್ತುವ ಗಟ್ಟಿ ಪಟ್ಟಿಯ ಕುಣಿಕೆ, ಸುತ್ತದಿರುವುದೇ ಕ್ಷೇಮ.

ಹಾಗಾದರೆ ಕಟ್ಟುವುದು ಯಾವುದಕ್ಕೆ? ಜೀವಂತ ಮರಕ್ಕೆ. ತೊಡೆಗಿಂತ ದಪ್ಪದ ಕಾಂಡ, ನೆಟ್ಟಗೆ ಮಣ್ಣಿಗಿಳಿದ ಬೇರು, ಕಾಲಿಂದ ಒದ್ದರೆ ಅಲುಗಬಾರದು. ಸ್ಲಿಂಗು ಕಾಂಡದ ಬುಡಕ್ಕೆ ಸುತ್ತಬೇಕು, ಎದೆಮಟ್ಟಕ್ಕಲ್ಲ. ಎತ್ತರದಲ್ಲಿ ಕಟ್ಟಿದರೆ ಅದೇ ಮರ ಸನ್ನೆಗೋಲಾಗಿ ಬೇರು ಮೀಟುತ್ತದೆ. ಮರಳಿನಲ್ಲಿ ನೆಟ್ಟ ಗಾಳಿಮರದ ಸಾಲು ಎಷ್ಟು ದಪ್ಪಗಿದ್ದರೂ ಲೆಕ್ಕಕ್ಕಿಲ್ಲ, ಚಿರೇಕಲ್ಲಿನ ಬಿರುಕಿನಲ್ಲಿ ಬೆಳೆದ ಗೇರುಮರವೂ ಅಷ್ಟೆ. ಅಂಚಿನಿಂದ ಹತ್ತು-ಹದಿನೈದು ಮೀಟರ್ ಒಳಗೆ ಒಳ್ಳೆಯ ಮರ ಇದ್ದರೆ ಅಲ್ಲಿಂದಲೇ ಉದ್ದ ಹಗ್ಗ ತನ್ನಿ. ಹತ್ತಿರದ ಕೆಟ್ಟ ಮರಕ್ಕಿಂತ ದೂರದ ಒಳ್ಳೆಯ ಮರ ವಾಸಿ.

ಒಂದೇ ಆಧಾರ ಸಾಲದು, ಕನಿಷ್ಠ ಎರಡು ಬೇಕು, ಎರಡರ ಮೇಲೂ ಭಾರ ಹಂಚಿಕೆಯಾಗಬೇಕು. ಎರಡು ಸ್ಲಿಂಗುಗಳ ನಡುವಿನ ಕೋನ ದೊಡ್ಡದಾದಷ್ಟೂ ಒಂದೊಂದರ ಮೇಲಿನ ಎಳೆತ ಹೆಚ್ಚುತ್ತದೆ. ಕೋನ 60 ಡಿಗ್ರಿ ಇದ್ದರೆ ಪ್ರತಿಯೊಂದಕ್ಕೂ ಒಟ್ಟು ಭಾರದ 58 ಪ್ರತಿಶತ. 90ಕ್ಕೆ 71. 120 ಡಿಗ್ರಿಗೆ ಬಂದಾಗ ಪ್ರತಿಯೊಂದಕ್ಕೂ ಪೂರ್ತಿ ಭಾರವೇ ಬೀಳುತ್ತದೆ, ಎರಡು ಕಟ್ಟಿಯೂ ಹೊರೆ ಹಗುರಾಗುವುದಿಲ್ಲ. 150 ಡಿಗ್ರಿಯಲ್ಲಿ ಪ್ರತಿಯೊಂದಕ್ಕೂ ಸುಮಾರು ಎರಡು ಪಟ್ಟು. ಬಟ್ಟೆ ಒಣಹಾಕುವ ತಂತಿಯ ನಡುವೆ ಒದ್ದೆ ಕಂಬಳಿ ಹಾಕಿದರೆ ಗೂಟ ಕಿತ್ತುಬರುತ್ತದಲ್ಲ, ಅದೇ ಲೆಕ್ಕ. 60 ಡಿಗ್ರಿಯೊಳಗೆ ಇಟ್ಟುಕೊಳ್ಳಲು ಸ್ಲಿಂಗು ಉದ್ದ ಮಾಡಿ.

ಸ್ಲಿಂಗಿಗೆ ಹಗ್ಗ ಸಿಕ್ಕಿಸುವ ಲೋಹದ ಕೊಂಡಿ, ಅಂದರೆ ಕ್ಯಾರಬೀನರಿನ ಮೈಮೇಲೆ ಮೂರು ಅಂಕಿ ಕೆತ್ತಿರುತ್ತದೆ. ಉದ್ದಕ್ಕೆ ಎಳೆದರೆ ಕನಿಷ್ಠ 20 ಕಿಲೋನ್ಯೂಟನ್, ಅಂದರೆ ಎರಡು ಟನ್ ಹತ್ತಿರ, ತಡೆಯಬೇಕು. ಅಡ್ಡ ಎಳೆದರೆ ಅಥವಾ ಬಾಯಿ ತೆರೆದಿದ್ದರೆ 7ರಷ್ಟಕ್ಕೆ ಇಳಿಯುತ್ತದೆ. ಬಾಯಿ ಅಂಚಿಗೆ ಒರಗುವಂತೆ ಹಾಕಿದರೆ ಕಲ್ಲು ತಾಗಿ ತೆರೆದುಕೊಳ್ಳುತ್ತದೆ, ಆದ್ದರಿಂದ ಮುಖ್ಯ ಜಾಗದಲ್ಲಿ ಸ್ಕ್ರೂ ಇರುವುದನ್ನೇ ಹಾಕಿ, ತಿರುಗಿಸಿ ಮುಚ್ಚಿದ ಮೇಲೆ ಒಮ್ಮೆ ಹಿಂಡಿ ನೋಡಿ. ಚಿರೇಕಲ್ಲಿನ ಅಂಚು ಹಗ್ಗಕ್ಕೆ ತುರಿಮಣೆ ಇದ್ದಹಾಗೆ. ಹಗ್ಗ ಅಂಚು ದಾಟುವಲ್ಲಿ ಎರಡು ಮಡಿಕೆ ಗೋಣಿಚೀಲವನ್ನೋ ಹಳೆಯ ಜೀನ್ಸ್ ಕಾಲನ್ನೋ ಹಾಸಿ, ಅದು ಜಾರದಂತೆ ದಾರದಿಂದ ಕಟ್ಟಿ.

ಹಗ್ಗದಿಂದ ಇಳಿಯುವಾಗ ಆಗುವ ಕೆಟ್ಟ ಅಪಘಾತಗಳಲ್ಲಿ ಒಂದಕ್ಕೆ ಕಾರಣ ಹಗ್ಗ ತುಂಡಾಗುವುದಲ್ಲ, ಮುಗಿದುಹೋಗುವುದು. 60 ಮೀಟರಿನ ಹಗ್ಗವನ್ನು ಜೋಡಿ ಮಾಡಿ ಇಳಿಬಿಟ್ಟರೆ ಸಿಗುವುದು 30 ಮೀಟರ್, ಮರದಿಂದ ಅಂಚಿನವರೆಗಿನ ದೂರ ಕಳೆದರೆ ಇನ್ನೂ ಕಡಿಮೆ. ಎರಡೂ ತುದಿಗೆ ದಪ್ಪ ಗಂಟು ಹಾಕದೆ ಹಗ್ಗ ಕೆಳಗೆ ಬಿಡಬಾರದು. ಇಳಿಯುವ ಉಪಕರಣದ ಕೆಳಗೆ 6 ಮಿ.ಮೀ. ದಾರವನ್ನು ಹಗ್ಗಕ್ಕೆ ಮೂರ್ನಾಲ್ಕು ಸುತ್ತು ಹಾಕಿ ಹಾರ್ನೆಸ್ಸಿನ (ಸೊಂಟ-ತೊಡೆಗೆ ಕಟ್ಟುವ ಪಟ್ಟಿಯ) ಕಾಲುಪಟ್ಟಿಗೆ ಸಿಕ್ಕಿಸಿದರೆ, ಕೈ ತಪ್ಪಿದಾಗ ಆ ಸುತ್ತು ಬಿಗಿದುಕೊಂಡು ನಿಲ್ಲಿಸುತ್ತದೆ. ಆ ದಾರ ಉಪಕರಣಕ್ಕೆ ತಾಗುವಷ್ಟು ಉದ್ದ ಇರಬಾರದು. ತಾಗಿದರೆ ಬಿಗಿಯುವುದೇ ಇಲ್ಲ. ನೆಲದ ಮೇಲೆ ಒಮ್ಮೆ ಭಾರ ಹಾಕಿ ನೋಡಿಕೊಂಡೇ ಅಂಚು ದಾಟಿ. ಯೂಟ್ಯೂಬ್ ನೋಡಿ ಕಲಿತು ನೇರ ಸಮುದ್ರದ ಅಂಚಿಗೆ ಬರುವುದು ಬೇಡ. ಬಾದಾಮಿಯ ಮರಳುಗಲ್ಲಿನಲ್ಲಿ ತಿಳಿದವರ ಜೊತೆ ಒಂದೆರಡು ವಾರಾಂತ್ಯ ಕಳೆದರೆ ಕೈ ಪಳಗುತ್ತದೆ, ಅದೂ ಫೆಬ್ರವರಿಯೊಳಗೆ. ಆಮೇಲೆ ಅಲ್ಲಿನ ಕಲ್ಲು ಕಾವಲಿಯಾಗುತ್ತದೆ.

ಬೆವರಿನ ಲೆಕ್ಕದಲ್ಲಿ ಕರಾವಳಿ ಮೋಸಗಾರ. ಕಾರವಾರದಲ್ಲಿ 33 ಡಿಗ್ರಿ ಎಂದು ಫೋನು ತೋರಿಸಿದರೆ ಬಯಲುಸೀಮೆಯವರು ನಗುತ್ತಾರೆ. ಆದರೆ ಮೈ ತಂಪಾಗುವುದು ಬೆವರು ಆರಿದಾಗ. ಗಾಳಿಯಲ್ಲಿ ಮೊದಲೇ ತೇವ ತುಂಬಿದ್ದರೆ ಬೆವರು ತೊಟ್ಟಿಕ್ಕುತ್ತದೆಯೇ ಹೊರತು ಆರುವುದಿಲ್ಲ, ನೀರು-ಉಪ್ಪು ಹೋದದ್ದಷ್ಟೇ ಲಾಭ. ಮೂಡಗಾಳಿ ನಿಂತು ಪಡುಗಾಳಿ ಇನ್ನೂ ಏಳದ ಹತ್ತು-ಹನ್ನೊಂದರ ನಡುವಿನ ಹೊತ್ತು ಎಲ್ಲಕ್ಕಿಂತ ಕಷ್ಟದ್ದು. ತಾಸಿಗೆ ಅರ್ಧದಿಂದ ಮುಕ್ಕಾಲು ಲೀಟರ್ ಲೆಕ್ಕ ಹಿಡಿದು ಆರು ತಾಸಿನ ನಡಿಗೆಗೆ ತಲಾ ನಾಲ್ಕು ಲೀಟರ್ ಹೊತ್ತುಕೊಳ್ಳಿ. ಬೀಚುಗಳ ನಡುವಿನ ಗುಡ್ಡದ ಮೇಲೆ ನೀರು ಸಿಗುತ್ತದೆಂದು ನಂಬಬೇಡಿ. ಅಘನಾಶಿನಿಯಿಂದ ತದಡಿಗೆ ಹೊಳೆ ದಾಟುವ ದೋಣಿಯ ಹೊತ್ತನ್ನೂ ಮೊದಲೇ ಕೇಳಿಟ್ಟುಕೊಳ್ಳಿ. ದಕ್ಕೆಯಲ್ಲಿ ಬಿಸಿಲಿಗೆ ಕಾಯುವ ಒಂದು ತಾಸೂ ನಿಮ್ಮ ನಾಲ್ಕು ಲೀಟರಿನ ಲೆಕ್ಕದಲ್ಲೇ ಬರುತ್ತದೆ.

ಬರೀ ನೀರು ಕುಡಿದರೆ ಸಾಲದು, ಉಪ್ಪೂ ಬೇಕು. ಎಳನೀರಿನಲ್ಲಿ ಪೊಟ್ಯಾಸಿಯಂ ಧಾರಾಳ, ಬೆವರಿನಲ್ಲಿ ಹೋಗುವ ಸೋಡಿಯಂ ಕಡಿಮೆ, ಅದಕ್ಕೇ ಒಂದು ಚಿಟಿಕೆ ಉಪ್ಪು ಹಾಕಿಕೊಳ್ಳಬೇಕು. ಉಪ್ಪು ಹಾಕಿದ ಮುರುಗಲು ಪಾನಕ ಒಳ್ಳೆಯದೇ. ಅಪ್ಪೆಹುಳಿಯೂ ಒಳ್ಳೆಯದು, ಆದರೆ ಅದನ್ನು ನಡಿಗೆ ಮುಗಿದ ಮೇಲೆ ಕುಡಿಯಿರಿ, ಕುಡಿದವರು ಎದ್ದು ಹೊರಡುವುದು ಕಷ್ಟ. ಓಆರ್‌ಎಸ್‌ನ 20.5 ಗ್ರಾಮಿನ ಪೊಟ್ಟಣ ಪೂರ್ತಿ ಒಂದು ಲೀಟರ್ ನೀರಿಗೆ. ಅರ್ಧ ಲೀಟರಿನ ಬಾಟಲಿಗೆ ಇಡೀ ಪೊಟ್ಟಣ ಸುರಿದರೆ ಹೊಟ್ಟೆ ತೊಳಸುತ್ತದೆ, ಬಾಯಾರಿಕೆ ಹೆಚ್ಚುತ್ತದೆ. ಪೊಟ್ಟಣ ಇಲ್ಲದಿದ್ದರೆ ಒಂದು ಲೀಟರಿಗೆ ಮಟ್ಟಸ ಆರು ಟೀಚಮಚ ಸಕ್ಕರೆ, ಅರ್ಧ ಟೀಚಮಚ ಉಪ್ಪು. ಜೊತೆಗಾರರಿಗೆ ತಲೆಸುತ್ತು, ಸ್ನಾಯುಸೆಳೆತ ಬಂದರೆ ನೆರಳಿಗೆ ಕೂರಿಸಿ ಕುಡಿಸಿ. ಮಾತು ತಡವರಿಸಿದರೆ, ಎಲ್ಲಿದ್ದೇವೆಂದು ಗೊತ್ತಾಗದಿದ್ದರೆ ಅದು ಬಿಸಿಲಾಘಾತ. ಕುಡಿಸಲು ಹೋಗದೆ ಮೈಮೇಲೆ ನೀರು ಸುರಿದು ಗಾಳಿ ಬೀಸುತ್ತ 108ಕ್ಕೆ ಕರೆ ಮಾಡಿ. ಮೊದಲು ತಂಪು ಮಾಡಬೇಕು, ಸಾಗಿಸುವುದು ಆಮೇಲೆ.

ಘಟ್ಟದ ಮೇಲೆ ಹೊರಳುವವರಿಗೆ ಈ ತಿಂಗಳುಗಳ ದೊಡ್ಡ ಶತ್ರು ಉಣುಗು. ಅದು ಹರಡುವ ಮಂಗನಕಾಯಿಲೆಯನ್ನು ಮೊದಲು ಗುರುತಿಸಿದ್ದು 1957ರಲ್ಲಿ, ಪಕ್ಕದ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ. ಸಿದ್ದಾಪುರದ ಹಳ್ಳಿಗಳಿಗೆ ಅದು ಹೊಸದಲ್ಲ. ಕಚ್ಚುವುದು ಹೆಚ್ಚಾಗಿ ಎಳ್ಳುಕಾಳಿನಷ್ಟು ದೊಡ್ಡ ಮರಿ ಉಣುಗು, ನವೆಂಬರಿನಿಂದ ಮೇವರೆಗೆ ಒಣ ದರಕಿನಲ್ಲಿ (ಉದುರಿದ ತರಗೆಲೆಯಲ್ಲಿ) ಕಾದಿರುತ್ತದೆ. ಆದ್ದರಿಂದ ದರಕಿನ ಮೇಲೆ ಕೂರಬೇಡಿ, ಮಲಗಬೇಡಿ, ಚೀಲವನ್ನೂ ಇಡಬೇಡಿ. ಬಂಡೆಯ ಮೇಲೆ ಕೂರಿ. ಪ್ಯಾಂಟನ್ನು ಕಾಲುಚೀಲದೊಳಗೆ ತುರುಕಿ, ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕೊಡುವ, ಉಣುಗನ್ನು ದೂರವಿಡುವ ಡೇಪಾ ಎಣ್ಣೆ ಹಚ್ಚಿಕೊಳ್ಳಿ. ಸತ್ತ ಮಂಗ ಕಂಡರೆ ಅಲ್ಲಿಂದಲೇ ತಿರುಗಿ, ಊರಿನ ಆರೋಗ್ಯ ಸಿಬ್ಬಂದಿಗೆ ಜಾಗ ತಿಳಿಸಿ. ಮನೆಗೆ ಬಂದ ಕೂಡಲೇ ಬಿಸಿನೀರಿನ ಸ್ನಾನ, ಬಟ್ಟೆಗೂ ಬಿಸಿನೀರು. ಕಚ್ಚಿ ಹಿಡಿದಿದ್ದರೆ ಚಿಮಟದಿಂದ ಚರ್ಮಕ್ಕೆ ಒತ್ತಿ ಹಿಡಿದು ನೇರ ಎಳೆಯಿರಿ, ಸೀಮೆಎಣ್ಣೆ, ಬೆಂಕಿಕಡ್ಡಿ ಬೇಡ. ಮೂರರಿಂದ ಎಂಟು ದಿನದೊಳಗೆ ಜೋರು ಜ್ವರ, ಹಣೆನೋವು ಬಂದರೆ ಕಾಡಿಗೆ ಹೋಗಿದ್ದನ್ನು ವೈದ್ಯರಿಗೆ ಮೊದಲು ಹೇಳಿ. ರಕ್ತಸ್ರಾವದ ಭಯ ಇರುವುದರಿಂದ ನೋವಿಗೆ ಆಸ್ಪಿರಿನ್, ಐಬುಪ್ರೊಫೆನ್ ನುಂಗಬಾರದು.

ಯಾಣದ ಭೈರವೇಶ್ವರ ಶಿಖರ 120 ಮೀಟರ್, ಮೋಹಿನಿ ಶಿಖರ 90 ಮೀಟರ್. ಕಪ್ಪು ಸುಣ್ಣಕಲ್ಲಿನ ಆ ಗೋಡೆಗಳನ್ನು ಕಂಡರೆ ಹತ್ತುವವರ ಕೈ ತುರಿಸುವುದು ಸಹಜ. ಅದು ದೇವರ ಜಾಗ, ನೋಡಿ ಕೈಮುಗಿದು ಬರಬೇಕು. ಮೇಲೆ ಹೆಜ್ಜೇನು ತಟ್ಟಿಗಳೂ ಇರುತ್ತವೆ. ಹೂ ಬಿಡುವ ಈ ಕಾಲದಲ್ಲಿ ಯಾವ ಎತ್ತರದ ಬಂಡೆಗೆ ಹೋದರೂ ಹಗ್ಗ ಬಿಚ್ಚುವ ಮುನ್ನ ಐದು ನಿಮಿಷ ಕತ್ತೆತ್ತಿ ನೋಡಿ. ಕಪ್ಪು ಅರ್ಧಚಂದ್ರ ನೇತಾಡುತ್ತಿದ್ದರೆ ಆ ಬಂಡೆ ಅವತ್ತಿಗೆ ಅವುಗಳದ್ದು. ಅತ್ತರು, ಹೊಗೆ, ಕೂಗಾಟ ಬೇಡ. ಎದ್ದುಬಂದರೆ ಮುಖ ಮುಚ್ಚಿಕೊಂಡು ಮರಗಳ ನಡುವೆ ಓಡಿ, ನೀರಿಗೆ ಹಾರಬೇಡಿ, ಅವು ಮೇಲೆಯೇ ಕಾಯುತ್ತವೆ. ಹಗ್ಗದಲ್ಲಿ ನೇತಾಡುತ್ತಿರುವವನಿಗೆ ಓಡುವ ದಾರಿಯೇ ಇಲ್ಲ, ಅದಕ್ಕೇ ಆ ಐದು ನಿಮಿಷ.

ಅನುಮತಿ ಇಲ್ಲದೆ ಅರಣ್ಯ ಇಲಾಖೆಯ ದಾರಿಗಳಲ್ಲಿ ನಡೆಯುವಂತಿಲ್ಲ, ಅಣಶಿ-ದಾಂಡೇಲಿ ಸೇರಿದ ಕಾಳಿ ಹುಲಿ ಸಂರಕ್ಷಿತ ಪ್ರದೇಶದಲ್ಲಂತೂ ಕೇಳುವುದೇ ಬೇಡ. ಕಾಡ್ಗಿಚ್ಚಿನ ದಿನಗಳಲ್ಲಿ ತೆರೆದಿದ್ದ ದಾರಿಯೂ ಮುಚ್ಚಬಹುದು, ಹೊರಡುವ ವಾರವೇ ವಿಚಾರಿಸಿ. ಅಡಿಕೆ ತೋಟದವರು ಸೊಪ್ಪು ಕೊಯ್ಯುವ ಬೆಟ್ಟದಲ್ಲಿ ಹಾದುಹೋಗುವುದಾದರೆ ಮನೆಯವರಿಗೊಂದು ಮಾತು ಹೇಳಿ. ಒಲೆ, ಬೀಡಿ, ಸಿಗರೇಟು ಯಾವುದೂ ಬೇಡ.

ಕಡಲ ಬಂಡೆಯಿಂದ ವಾಪಸಾದ ಸಂಜೆ ಒಂದು ಕೆಲಸ ಉಳಿದಿರುತ್ತದೆ, ಹೆಚ್ಚಿನವರು ಸೋಮವಾರಕ್ಕೆ ಮುಂದೂಡುವುದೂ ಅದನ್ನೇ. ಹಗ್ಗವನ್ನು ಸಿಹಿನೀರಿನ ಟಬ್ಬಿನಲ್ಲಿ ಮುಳುಗಿಸಿ, ಸಾಬೂನು ಪುಡಿ ಹಾಕದೆ, ಎರಡು ಮೂರು ನೀರು ಬದಲಿಸಿ ತೊಳೆಯಿರಿ. ಕೊನೆಯ ನೀರನ್ನು ನಾಲಿಗೆಗೆ ಮುಟ್ಟಿಸಿದರೆ ಉಪ್ಪು ತಿಳಿಯಬಾರದು. ಆಮೇಲೆ ನೆರಳಿನಲ್ಲಿ ಒಣಗಲಿ, ಅಡಿಕೆ ಒಣಹಾಕುವ ಅಂಗಳದ ಬಿಸಿಲಿನಲ್ಲಲ್ಲ. ಹಗ್ಗವನ್ನು ಬೆರಳಿನ ನಡುವೆ ಪೂರ್ತಿ ಉದ್ದಕ್ಕೂ ಎಳೆದು ನೋಡಿ, ಮೆತ್ತಗಾದ ಜಾಗ, ಉಬ್ಬಿದ ಜಾಗ, ಒಳಗಿನ ಬಿಳಿ ಎಳೆ ಕಾಣುವ ಜಾಗ ಸಿಕ್ಕರೆ ಅಲ್ಲಿಗೆ ಅದರ ಆಯುಸ್ಸು ಮುಗಿಯಿತು. ಕ್ಯಾರಬೀನರಿನ ಸ್ಪ್ರಿಂಗಿನೊಳಗೆ ಕೂತ ಉಪ್ಪಿನ ಹರಳನ್ನು ಬಿಸಿನೀರಿನಲ್ಲಿ ಹಲ್ಲುಜ್ಜುವ ಹಳೆಯ ಬ್ರಷ್ಷಿನಿಂದ ತಿಕ್ಕಿ ತೆಗೆಯಬೇಕು. ಬಂಡೆಗೆ ಯಾರೋ ಹೊಡೆದಿಟ್ಟ ಬೋಲ್ಟು ಕಂಡರೆ ಮಾತ್ರ ಹೊಳಪು ನೋಡಿ ನಂಬಬೇಡಿ. ಸಮುದ್ರದ ಪಕ್ಕ ಸ್ಟೇನ್‌ಲೆಸ್ ಸ್ಟೀಲು ತುಕ್ಕು ತೋರಿಸದೆಯೇ ಒಳಗೊಳಗೇ ಬಿರುಕು ಬಿಡುತ್ತದೆ. ಥಾಯ್ಲೆಂಡಿನ ಕಡಲ ಬಂಡೆಗಳಲ್ಲಿ ಇದೇ ಕಾರಣಕ್ಕೆ ಹಳೆಯ ಬೋಲ್ಟುಗಳ ಬದಲು ಟೈಟಾನಿಯಂ ಬೋಲ್ಟುಗಳನ್ನು ಅಂಟಿಸಿ ಕೂರಿಸುತ್ತ ಬಂದಿದ್ದಾರೆ. ಇಲ್ಲಿ ಅಂಥದ್ದು ಕಾಣದಿದ್ದರೆ, ಹದಿನೈದು ಮೀಟರ್ ಹಿಂದಿರುವ ಆ ಮರಕ್ಕೇ ಹೋಗಿ ಕಟ್ಟಿ.